ಬಳೆ, ಬಾಳೆ, ಬೆಳೆ, ಬೇಳೆ

ನಾನು ಮೈಸೂರಿನಲ್ಲಿ ಸ್ಪೀಚ್ ಥೆರಪಿಸ್ಟ್. ಲಕ್ವ ಹೊಡೆದಿದ್ದ ಮಂಡ್ಯ ಕಡೆಯ ರೈತರೊಬ್ಬರನ್ನು ಮಗ ಕರೆದುಕೊಂಡು ಬಂದಿದ್ದ. "ನಾಲಿಗೆ ಬಿದ್ದೋಗದೆ ಮೇಡಂ" ಅಂದ.

ನಾಲಿಗೆ ಹೊರಗೆ ಹಾಕಿಸಿದೆ, ಎಡಕ್ಕೆ ಬಲಕ್ಕೆ ಆಡಿಸಿದೆ. ಚೆನ್ನಾಗಿಯೇ ಆಡಿತು. ಒಂದರಿಂದ ಹತ್ತು ಎಣಿಸಿ ಅಂದರೆ ಸಲೀಸಾಗಿ ಎಣಿಸಿದರು, ಅದು ಬಾಯಿಪಾಠ. ಆದರೆ 'ಬಾಳೆ' ಅನ್ನಿ ಅಂದಾಗ ಬಾಯಿ ತಡಕಾಡಿತು. ಒಮ್ಮೆ 'ಬೋಳೆ', ಒಮ್ಮೆ 'ಬೆಳೆ'. ತಪ್ಪಿದ್ದು ಅವರಿಗೇ ಗೊತ್ತಾಗಿ ಕಣ್ಣು ತುಂಬುತ್ತಿತ್ತು.

ಪೆಟ್ಟಾಗಿದ್ದು ನಾಲಿಗೆಗಲ್ಲ, ಅದನ್ನು ಆಡಿಸುವ ಲೆಕ್ಕಾಚಾರಕ್ಕೆ. ಇದನ್ನು ಅಪ್ರಾಕ್ಸಿಯಾ ಅನ್ನುತ್ತೇವೆ. 1861ರಲ್ಲಿ ಫ್ರಾನ್ಸಿನ ವೈದ್ಯ ಪಾಲ್ ಬ್ರೋಕಾ ಮಾತಿಗೆ ಬೇಕಾದ ಜಾಗ ಅಂತ ಗುರುತಿಸಿದ್ದು ಮಿದುಳಿನ ಎಡಭಾಗದ ಮುಂದಿನ ಪಾಲನ್ನು. ಪೆಟ್ಟು ಆ ಸುತ್ತಮುತ್ತಲೇ. ಇಂಥವರಿಗೆ ಸುಮ್ನೆ ನಾಲಿಗೆಯ ವ್ಯಾಯಾಮ ಮಾಡಿಸುತ್ತಾ ಕೂರಬಾರದು. ಮಾತನ್ನೇ ಆಡಿಸಬೇಕು.

ಅವರು ಎಡವುತ್ತಿದ್ದದ್ದು ಅ, ಆ, ಎ, ಏ ಥರದ ಸ್ವರಗಳಲ್ಲಿ. ಸ್ವರ ಸುಲಭ ಅನಿಸುತ್ತದೆ, ಅಲ್ವಾ? 'ಪ' ಅಂದರೆ ತುಟಿಗೆ ತುಟಿ ತಾಗಿದ್ದು ಗೊತ್ತಾಗುತ್ತದೆ. ಸ್ವರದಲ್ಲಿ ಉಸಿರಿಗೆ ಅಂಥ ತಡೆಯೇ ಇಲ್ಲ. ಗಂಟಲಲ್ಲಿ ಧ್ವನಿತಂತುಗಳು ಅದುರುತ್ತವೆ, ಬಾಯಿಯ ಆಕಾರ ಆ ಸದ್ದನ್ನು ಬೇರೆ ಬೇರೆ ಸ್ವರ ಮಾಡುತ್ತದೆ. 'ಈ'ಗೆ ನಾಲಿಗೆಯ ಮುಂಭಾಗ ಏಳಬೇಕು. 'ಊ'ಗೆ ಹಿಂಭಾಗ ಎದ್ದು ತುಟಿ ದುಂಡಗಾಗಬೇಕು. 'ಆ'ಗೆ ದವಡೆ ಇಳಿಯಬೇಕು. ಸರಿಯಾಯಿತೋ ಇಲ್ಲವೋ ಅಂತ ಮಿದುಳು ಜಾಸ್ತಿ ಕಿವಿಯನ್ನೇ ನಂಬಬೇಕು. ಇದರ ಮೇಲೆ ಕನ್ನಡದಲ್ಲಿ ಹ್ರಸ್ವ ದೀರ್ಘ ಬೇರೆ. ಚೂರು ಹೊತ್ತು ಎಳೆದರೆ ಬಳೆ ಬಾಳೆಯಾಗುತ್ತದೆ.

ಮೊದಲು ಕನ್ನಡಿ ಮುಂದೆ ಕೂರಿಸಿದೆ. ನನ್ನ ತುಟಿ ನೋಡುವುದು, ನನ್ನ ಜೊತೆಗೇ ಹೇಳುವುದು, ಆಮೇಲೆ ಒಬ್ಬರೇ ಹೇಳುವುದು. ಚಿತ್ರದ ಕಾರ್ಡ್ ಪಕ್ಕಕ್ಕಿಟ್ಟೆ. ಹೆಂಡತಿಯ ಕೈಬಳೆ, ಒಂದು ಬಾಳೆಹಣ್ಣು, ಒಂದು ಹಿಡಿ ತೊಗರಿಬೇಳೆ ಮೇಜಿನ ಮೇಲೆ ಬಂದವು. 'ಬೆಳೆ'ಗೆ ಅವರ ಗದ್ದೆಯ ಕಬ್ಬಿನ ಜಲ್ಲೆಯನ್ನೇ ಮಗ ತಂದ. ಬಲಗೈಗೆ ಇನ್ನೂ ಶಕ್ತಿ ಬಂದಿರಲಿಲ್ಲ. ಎಡಗೈಯಲ್ಲೇ ಹ್ರಸ್ವಕ್ಕೆ ಮೇಜು ತಟ್ಟಿಸಿದೆ, ದೀರ್ಘಕ್ಕೆ ಅಂಗೈ ಉದ್ದಕ್ಕೆ ಎಳೆಸಿದೆ. ಕೈ ಎಳೆದಷ್ಟು ಹೊತ್ತು ಸ್ವರವೂ ನಿಲ್ಲತೊಡಗಿತು. ಮನೆಯಲ್ಲಿ ಯಾರೂ ಅವರ ಮಾತು ತುಂಬಿಕೊಡಬೇಡಿ, ಕಾಯಿರಿ ಅಂತ ಹೇಳಿ ಕಳಿಸುತ್ತಿದ್ದೆ.

ಆರನೇ ವಾರ ನಾನು ಏನೂ ಕೇಳುವ ಮೊದಲೇ ಅವರು ಹೆಂಡತಿಯ ಕಡೆ ತಿರುಗಿದರು. ಅಂಗೈಯನ್ನು ಮೇಜಿನ ಮೇಲೆ ನಿಧಾನವಾಗಿ ಎಳೆಯುತ್ತಾ, "ಬೇ...ಳೆ ಸಾರು ಮಾಡು" ಅಂದರು. ಆಯಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು.

'ಒ', 'ಓ' ಇನ್ನೂ ಬಾಕಿ ಇದ್ದವು. ಮುಂದಿನ ವಾರದಿಂದ 'ಕೊಡು', 'ಕೋಡು' ಶುರು ಮಾಡಿದೆವು.