ಜೇಕು: ಕಿತ್ತರೆ ಹೋಗಲ್ಲ, ಒಣಗಿಸಬೇಕು

ಜೇಕು ಅನ್ನೋ ಕಳೆ ಕೀಳೋದು ಸುಲಭ. ಮೋಸ ಇರೋದೂ ಅಲ್ಲೇ. ಹುಲ್ಲು ಕೈಗೆ ಬರುತ್ತದೆ, ಗಡ್ಡೆ ಮಣ್ಣಲ್ಲೇ ಉಳಿಯುತ್ತದೆ. ಅದೂ ಒಂದೇ ಗಡ್ಡೆ ಅಲ್ಲ, ದಾರಕ್ಕೆ ಪೋಣಿಸಿದ ಮಣಿಗಳ ಹಾಗೆ ಸಾಲು ಸಾಲು. ಸಾಲಿನಲ್ಲಿ ಒಂದು ಚಿಗುರಿದರೆ ಉಳಿದವು ಸುಮ್ನೆ ಮಲಗಿರುತ್ತವೆ. ದಾರ ತುಂಡಾಯಿತೋ, ಮಲಗಿದ್ದವೂ ಏಳುತ್ತವೆ. ಹಸಿ ಹೊಲಕ್ಕೆ ರೋಟವೇಟರ್ ಹೊಡೆಸಿದ ಮೇಲೆ ಜೇಕು ಇನ್ನೂ ಜಾಸ್ತಿ ಆಯ್ತು ಅಂತಾರಲ್ವಾ, ಕಾರಣ ಇದೇ.

ಮೊದಲು ಕಳೆ ಯಾವುದು ಅಂತ ಖಚಿತ ಮಾಡಿಕೊಳ್ಳಿ. ಹೂವಿನ ಕಡ್ಡಿಯನ್ನು ಬೆರಳ ನಡುವೆ ಉರುಳಿಸಿ. ಮೂರು ಮೂಲೆ ತಗುಲಿ, ಬುಡ ಅಗೆದಾಗ ಗಡ್ಡೆಯ ಸಾಲೂ ಸಿಕ್ಕರೆ ಜೇಕು, ಅಂದರೆ ಕೊನ್ನಾರಿ ಗಡ್ಡೆ.

ಮುಖ್ಯ ಕೆಲಸ ಬೇಸಿಗೆಯದು. ಮಾರ್ಚ್–ಏಪ್ರಿಲ್‌ನಲ್ಲಿ ಮಣ್ಣು ಒಣಗಿದ್ದಾಗ ಮಣ್ಣು ತಿರುವುವ ನೇಗಿಲಿನಿಂದ ಆಳವಾಗಿ ಉಳುಮೆ ಮಾಡಿ. ಗಡ್ಡೆಗಳು ಬಹುಪಾಲು ಮೇಲಿನ ಒಂದು ಅಡಿಯೊಳಗೇ ಇರುತ್ತವೆ. ಹೆಂಟೆ ಒಡೆಯಬೇಡಿ, ಒಂದೆರಡು ವಾರ ಬಿಸಿಲಿಗೆ ಬಿಡಿ. ಆಮೇಲೆ ಅಡ್ಡಲಾಗಿ ಇನ್ನೊಮ್ಮೆ ಉತ್ತು, ಮೇಲೆ ಬಂದ ಗಡ್ಡೆ ಆರಿಸಿ ಸುಟ್ಟುಬಿಡಿ. ತಿಪ್ಪೆಗೆ ಮಾತ್ರ ಹಾಕಬೇಡಿ, ಗೊಬ್ಬರದ ಜೊತೆ ವಾಪಸ್ ಬರುತ್ತದೆ.

ಮಳೆ ಬಿದ್ದ ಮೇಲೆ ಉಳಿದ ಗಡ್ಡೆ ಚಿಗುರುತ್ತವೆ. ಗಾಬರಿ ಬೇಡ, ಚಿಗುರಲಿ. ಆದರೆ ದಿನ ಎಣಿಸಿ. ಚಿಗುರಿ ಸುಮಾರು ಮೂರು ವಾರಕ್ಕೆ ಹೊಸ ಗಡ್ಡೆ ಕಟ್ಟಲು ಶುರು. ಅದಕ್ಕೂ ಮುಂಚೆ ಕುಂಟೆ ಹೊಡೆದರೆ ಹಳೇ ಗಡ್ಡೆಯ ಕಸುವು ಖರ್ಚಾಗುತ್ತದೆ, ಹೊಸದು ಹುಟ್ಟಲ್ಲ. ಮತ್ತೆ ಚಿಗುರಿತಾ? ಮತ್ತೆ ಕುಂಟೆ. ಒಂದು ಸಲ ತಪ್ಪಿಸಿದರೂ ಮಾಡಿದ್ದೆಲ್ಲ ನೀರಲ್ಲಿ ಹೋಮ.

ಜೇಕಿಗೆ ನೆರಳು ಆಗಲ್ಲ. ಸೆಣಬು ಅಥವಾ ಅಲಸಂದೆಯನ್ನು ಒತ್ತಾಗಿ ಬಿತ್ತಿದರೆ ಸೊರಗುತ್ತದೆ. ಪ್ಲಾಸ್ಟಿಕ್ ಹೊದಿಕೆ ನಂಬಿ ಕೂರಬೇಡಿ. ಇದರ ಮೊಳಕೆ ಸೂಜಿಯ ಹಾಗೆ ಹಾಳೆಯನ್ನೇ ತೂತು ಮಾಡಿಕೊಂಡು ಬರುತ್ತದೆ!

ಕಬ್ಬು, ಮೆಕ್ಕೆಜೋಳದಲ್ಲಿ ಔಷಧಿ ದಾರಿಯೂ ಇದೆ. ಕಳೆಗೆ ಮೂರ್ನಾಲ್ಕು ಎಲೆ ಇದ್ದಾಗ, ಮಣ್ಣಲ್ಲಿ ತೇವ ಇರುವಾಗ, ಎಕರೆಗೆ 36 ಗ್ರಾಂ ಹ್ಯಾಲೋಸಲ್ಫ್ಯೂರಾನ್ ಮೀಥೈಲ್ (75%) ಸಿಂಪಡಿಸಬಹುದು. ಮರುದಿನವೇ ಒಣಗಲ್ಲ, ಮೆಲ್ಲಗೆ ಹಳದಿಯಾಗುತ್ತದೆ. ಪಕ್ಕದ ತರಕಾರಿ, ಬೇಳೆಕಾಳಿನ ಮೇಲೆ ಹಾರದಂತೆ ನೋಡಿಕೊಳ್ಳಿ. ಗ್ಲೈಫೋಸೇಟ್ ಅನ್ನೋ ಕಳೆನಾಶಕದ ವಿಷಯ ಬೇರೆ. ಅದನ್ನು ಪರವಾನಗಿ ಇರುವ ಕೀಟನಿಯಂತ್ರಣದವರೇ ಬಳಸಬೇಕು ಎಂದು 2022ರಲ್ಲಿ ಕೇಂದ್ರ ಸರ್ಕಾರ ಆದೇಶ ಹೊರಡಿಸಿದೆ.

ಕೊನೆಗೆ, ಹೊಸ ಗಡ್ಡೆ ಹೊರಗಿನಿಂದ ಬರಬಾರದು. ಬಾಡಿಗೆ ಟ್ರ್ಯಾಕ್ಟರ್‌ನ ನೇಗಿಲಿಗೆ ಅಂಟಿದ ಮಣ್ಣು ಕೆರೆಸಿಯೇ ಹೊಲಕ್ಕೆ ಇಳಿಸಿ. ಕೆರೆ ಗೋಡು, ಅಂದರೆ ಕೆರೆಯ ಹೂಳು ಮಣ್ಣು ಹೊಡೆಸುವ ಮುಂಚೆ ಒಂದು ಬುಟ್ಟಿ ತಂದು, ನೀರು ಚಿಮುಕಿಸಿ, ಎರಡು ವಾರ ಹಿತ್ತಲಲ್ಲಿಟ್ಟು ನೋಡಿ. ಜೇಕು ಎದ್ದರೆ ಆ ಗೋಡು ಬೇಡ.