ಎರೆ ಭೂಮೀಲೂ ಜೋಕಾಲಿ ಕಂಬ ನಿಲ್ಲುತ್ತೆ: ನನ್ನ ಅನುಭವ

ಮನೇಲಿ ಜೋಕಾಲಿ ಹಾಕಿ ಎರಡನೇ ಮಳೆಗಾಲನೂ ಮುಗೀತು, ಮಕ್ಕಳ ಜೊತೆ ಮತ್ತೆ ಲೆವೆಲ್ ಪೈಪ್ (ಮಟ್ಟ ನೋಡೋಕೆ ನೀರು ತುಂಬೋ ಪೈಪು) ಹಿಡಿದು ನೋಡಿದೆ, ಕಂಬ ನಾಕೂ ಇಟ್ಟಲ್ಲೇ ಅವೆ, ಒಂದು ನೂಲೂ ಮೇಲೆದ್ದಿಲ್ಲ. ಅದಕ್ಕೇ ಈಗ ಬರೀತಿದೀನಿ, ಮೊದ್ಲೇ ಬರೆದಿದ್ರೆ ಯಾರೂ ನಂಬ್ತಿರಲಿಲ್ಲ. ದಾವಣಗೆರೆ ಎರೆ ಮಣ್ಣಲ್ಲಿ, ಅಂದ್ರೆ ನೆನೆದ್ರೆ ಉಬ್ಬಿ ಒಣಗಿದ್ರೆ ಬಿರಿಯೋ ಕಪ್ಪು ಮಣ್ಣಲ್ಲಿ, ಕಾಂಪೌಂಡೇ ಬಾಯಿ ಬಿಡುತ್ತೆ, ಜೋಕಾಲಿ ಯಾವ ಲೆಕ್ಕ ಅಂತ ಮೇಸ್ತ್ರಿ ಅಂದ್ರು. ನಮ್ ಮೈದುನ ಅಂತೂ "ಅತ್ತಿಗೆ, ದುಡ್ಡು ಮಣ್ಣುಪಾಲು ಮಾಡ್ಬೇಡ್ರಿ, ಪಾರ್ಕಿಗೆ ಕರ್ಕೊಂಡು ಹೋಗ್ರಿ ಸಾಕು" ಅಂತ ದಿನಾ ಹೇಳೋನು.

ಅವರು ಹಂಗನ್ನೋಕೆ ಕಾರಣ ಇತ್ತು. ಅದಕ್ಕೂ ಮುಂಚೆ ಅಂಗಡೀಲಿ ರೆಡಿಮೇಡ್ ಜೋಕಾಲಿ ಸೆಟ್ ತಂದಿದ್ವಿ, 14 ಸಾವಿರ ಚಿಲ್ಲರೆ. ಕಾಲಿಗೆ ಒಂದು ಅಡಿ ಗೂಟ ಹೊಡೆದ್ರೆ ಸಾಕು ಮೇಡಂ ಅಂದಿದ್ರು ಅಂಗಡಿಯೋರು. ಬೇಸಿಗೇಲಿ ಗಟ್ಟಿಯಾಗೇ ಇತ್ತು, ಮಳೆ ಹಿಡಿದ ಮೇಲೆ ಮಣ್ಣು ಉಬ್ಬಿ ಎರಡು ಕಾಲು ಮೇಲೆದ್ವು, ಬಿಸಿಲು ಬಂದು ಮಣ್ಣು ಸೊರಗಿದಾಗ ಅವು ವಾಪಸ್ ಇಳೀಲಿಲ್ಲ, ಮಗಳು ಕೂತ್ರೆ ಇಡೀ ಸ್ಟ್ಯಾಂಡು ಕುಣಿಯೋದು. ಕೊನೆಗೆ ಗುಜರಿಗೆ ಕೊಟ್ಟಾಗ 1500 ಬಂತೇನೋ.

ಈ ಜೋಕಾಲಿ ಹಾಕಿದ ವರ್ಷ ಏಪ್ರಿಲಲ್ಲಿ ಮಕ್ಕಳಿಗೊಂದು ಕೆಲಸ ಕೊಟ್ಟೆ. ಮನೆ ಪಕ್ಕದ ಸೈಟಲ್ಲಿ ಬಿಟ್ಟಿರೋ ಬಿರುಕಿಗೆಲ್ಲ ಮೆಕ್ಕೆಜೋಳದ ದಂಟು ಇಳಿಸಿ, ಎಲ್ಲಿವರೆಗೂ ಹೋಗುತ್ತೆ ನೋಡಿ ಗುರುತು ಹಾಕ್ಕೊಂಡು ಬನ್ನಿ ಅಂತ. ಇಬ್ರೂ ಬಿಸಿಲಲ್ಲಿ ಸೈಟೆಲ್ಲಾ ತಿರುಗಿ ದಂಟಿಗೆ ಸ್ಕೆಚ್ ಪೆನ್ನಲ್ಲಿ ಗೀಟು ಹಾಕ್ಕೊಂಡು ಬಂದ್ರು, ಎಲ್ಲಕ್ಕಿಂತ ಆಳದ್ದು ಎರಡೂವರೆ ಅಡಿ ಹತ್ರ. ನನ್ನ ಗುಂಡಿ ಲೆಕ್ಕ ಅಲ್ಲೇ ಸಿಕ್ತು: ಬಿರುಕಿನ ತಳ ದಾಟಿ ಇನ್ನೂ ಒಂದೂವರೆ ಅಡಿ, ಅಂದ್ರೆ 4 ಅಡಿ. ಎರೆ ಮಣ್ಣು ಒಣಗಿದ್ರೆ ಹಾರೆ ಇಳಿಯಲ್ಲ, ನೆನೆದ್ರೆ ಸಲಿಕೆ ಬಿಡಲ್ಲ. ಭರಣಿ ಮಳೆ ಒಂದ್ಸಲ ಬಿದ್ದು ಮೇಲ್ಮಣ್ಣು ಆರಿದ ಹೊತ್ತಿಗೆ ಅಗೆಸಿದ್ರೆ ಬೆಣ್ಣೆ ಥರ ಬರುತ್ತೆ, ಕೂಲೀಲೂ ಅರ್ಧ ಉಳೀತು.

ಗುಂಡಿ ತಳದಲ್ಲಿ ಮಾತ್ರ ಸುತ್ತ ಅಗಲ ಮಾಡಿಸಿದೆ, ಮೇಲೆ ಸಣ್ಣ ಬಾಯಿ ಕೆಳಗೆ ಗುಡಾಣ. ರೂರ್ಕಿಯ ಸಿಬಿಆರ್‌ಐ, ಅಂದ್ರೆ ಕೇಂದ್ರ ಕಟ್ಟಡ ಸಂಶೋಧನಾ ಸಂಸ್ಥೆಯೋರು, ಎರೆ ಭೂಮಿಗೆ ಅಂಡರ್ ರೀಮ್ಡ್ ಪೈಲ್ ಅಂತ ತಳ ದಪ್ಪ ಇರೋ ಕಾಂಕ್ರೀಟ್ ಕಂಬ ಮಾಡಿದಾರಲ್ಲ, ಅದರದ್ದೇ ಮರಿ. ಗುಂಡಿಯೊಳಗೆ 6 ಇಂಚಿನ ಪಿವಿಸಿ ಡ್ರೈನೇಜ್ ಪೈಪ್ ನಿಲ್ಲಿಸಿ 10 ಎಂಎಂ ರಾಡ್ ಇಳಿಸಿ ಕಾಂಕ್ರೀಟ್ ತುಂಬಿದ್ದು, ಪೈಪ್ ತೆಗೀಲೇ ಇಲ್ಲ. ಮಣ್ಣು ಉಬ್ಬಿದ್ರೂ ನುಣ್ಣಗಿರೋ ಪೈಪ್ ಮೇಲೆ ಜಾರಿ ಹೋಗುತ್ತೆ, ಹಿಡ್ಕೊಂಡು ಮೇಲೆತ್ತೋಕೆ ಅದಕ್ಕೆ ಏನೂ ಸಿಗಲ್ಲ. ಪೈಪ್ ಸುತ್ತ ಅದೇ ಎರೆ ಮಣ್ಣು ವಾಪಸ್ ಹಾಕಬಾರದು. ನಾನು ಹಾಕಿರೋದು ಗರಸು (ಸಣ್ಣ ಕಲ್ಲು ಬೆರೆತ ಮಣ್ಣು) ಮತ್ತೆ ಇನ್ನೊಂದು ಐಟಮ್ಮು, ಅದು ಯಾವುದು ಎಷ್ಟು ಅನ್ನೋದು ನಂಗೇ ಇರ್ಲಿ, ತುಂಬಾ ತಲೆ ಕೆಡಿಸ್ಕೊಂಡು ಕಂಡ್ಕೊಂಡಿದ್ದು.

ನಾಕೂ ಒಂದೇ ಮಟ್ಟಕ್ಕೆ ತರೋವಾಗ ಲೆವೆಲ್ ಪೈಪ್ ಮಕ್ಕಳದ್ದೇ. ನೀರಿಗೆ ಬಟ್ಟೆ ನೀಲಿ ಎರಡು ಹನಿ ಹಾಕಿದ್ದೆ, ಗೆರೆ ದೂರಕ್ಕೂ ಕಾಣ್ಲಿ ಅಂತ. ಒಂದು ಕಡೆ ಮಗಳು, ಇನ್ನೊಂದು ಕಡೆ ಮಗ. ನೀರು ಯಾಕೋ ಅಲ್ಲಾಡ್ತಾನೇ ಇಲ್ಲ. ಇವಳು ಅಲ್ಲಿಂದ್ಲೇ ನೋಡಿ "ಹೆಬ್ಬೆಟ್ಟು ತೆಗಿಯೋ, ಪೈಪಿನ ಬಾಯಿ ಮುಚ್ಚಿದೀಯ" ಅಂತ ಕೂಗಿದ್ಲು, ಅವನು ತೆಗೆದ ತಕ್ಷಣ ನೀರು ಸರ್ರಂತ ಇಳಿದು ನಿಂತ್ಕೊಂತು. ಆಮೇಲೆ ಪೈಪಲ್ಲಿ ಗಾಳಿ ಗುಳ್ಳೆ ಐತಾ ಅಂತ ಅವನೇ ಹುಡುಕಿ ಹುಡುಕಿ ಹೇಳೋನು. ದೊಡ್ಡೋರು ಇಷ್ಟು ಮುತುವರ್ಜಿ ವಹಿಸಲ್ಲ, ಅದು ನನ್ನ ಗಟ್ಟಿ ಅಭಿಪ್ರಾಯ.

ಸ್ಟ್ಯಾಂಡಿಗೆ 2 ಇಂಚಿನ ಬಿ ಕ್ಲಾಸ್ (ಮಧ್ಯಮ ದಪ್ಪದ) ಜಿಐ, ಅಂದ್ರೆ ಸತು ಲೇಪಿಸಿದ ಕಬ್ಬಿಣ, 20 ಅಡಿ ಪೈಪು ಮೂರು. ಎರಡರಲ್ಲಿ ನಾಕು ಕಾಲು, ಮೂರನೇದ್ರಲ್ಲಿ ಮೇಲಿನ ಅಡ್ಡ 10 ಅಡಿ, ಉಳಿದಿದ್ದು ಸಪೋರ್ಟಿಗೆ. ಒಂದಕ್ಕೆ 2500ರ ಆಸುಪಾಸು ಬಿತ್ತು. ವೆಲ್ಡಿಂಗ್ ಬೇಡವೇ ಬೇಡ ಅಂದೆ. ಜಿಐ ಮೇಲೆ ವೆಲ್ಡ್ ಬಿದ್ರೆ ಸತು ಸುಟ್ಟು ಅದೇ ಜಾಗದಿಂದ ತುಕ್ಕು ಶುರು, ಆ ಹೊಗೆನೂ ಒಳ್ಳೇದಲ್ಲ. ಪ್ಲೇಟ್ ಕಟ್ ಮಾಡ್ಸಿ 12 ಎಂಎಂ ಬೋಲ್ಟು, ಅಲ್ಲಾಡಿದ್ರೂ ಸುಲಭಕ್ಕೆ ಸಡಿಲ ಆಗದ ನೈಲಾಕ್ ನಟ್ಟು. ಮಗ ವಾಷರ್ ಜೋಡಿಸಿ ಕೊಡೋದು, ಮಗಳು ಸ್ಪ್ಯಾನರ್ ಹಿಡಿಯೋದು, ಡ್ರಿಲ್ ಮಾತ್ರ ಯಾರ ಕೈಗೂ ಕೊಡ್ಲಿಲ್ಲ.

ಕೊಂಡಿ ಬದಲು ಬೇರಿಂಗ್ ಹಾಕಿದೀನಿ, ಯುಸಿಪಿ 204 ಅಂತ, ಬೋಲ್ಟ್ ಹಾಕಿ ಕೂರಿಸೋ ಗೂಡಿನ ಜೊತೆನೇ ಬರುತ್ತೆ, ಒಂದು ಜೋಕಾಲಿಗೆ ಎರಡು. ಕಿರುಗುಟ್ಟೋ ಸದ್ದೇ ಇಲ್ಲ, ಪಕ್ಕದ್ಮನೆ ಅಜ್ಜಿ ಮಧ್ಯಾಹ್ನ ಆರಾಮಾಗಿ ಮಲಗ್ತಾರೆ. ಚೈನಿಗೆ ಕೈ ಬರೋ ಜಾಗದಲ್ಲಿ ಹಳೇ ಸೈಕಲ್ ಟ್ಯೂಬ್ ತೊಡಿಸಿದ್ದು ಮಗಳು, ಸೋಪ್ ನೀರು ಹಚ್ಚಿದ್ರೆ ಸಲೀಸಾಗಿ ಏರುತ್ತೆ ಅಂತ ಕಂಡುಹಿಡಿದಿದ್ದೂ ಅವಳೇ.

ದುಡ್ಡು ತಿಂದಿದ್ದು ಕೆಳಗಿನ ಹಾಸು. ಮೊದ್ಲು ರೈಸ್ ಮಿಲ್ಲಿಂದ ಭತ್ತದ ಹೊಟ್ಟು ತಂದು ಹಾಕಿದ್ವಿ, ಆಷಾಢದ ಗಾಳಿಗೆ ಓಣಿ ತುಂಬಾ ಹಾರಿ ಎಲ್ಲರ ಬಾಯಿಗೂ ಬಿದ್ದಿದ್ದಾಯ್ತು. ಶೇಂಗಾ ಸಿಪ್ಪೆ ಹಾಕಿದ್ರೆ ಇಲಿ. ಎಂ ಸ್ಯಾಂಡ್ ಮಳೆಗೆ ಕಚ್ಕೊಂಡು ಕೊನೆಗೆ ನೆಲದಷ್ಟೇ ಗಟ್ಟಿ, ಅದ್ರ ಮೇಲೆ ಬೀಳೋದೂ ಒಂದೇ ಸಿಮೆಂಟ್ ಮೇಲೆ ಬೀಳೋದೂ ಒಂದೇ. ಕೊನೆಗೆ ಹೊಳೆ ಮರಳು ಒಂದು ಅಡಿ ದಪ್ಪ, ಅದಕ್ಕೇ 6-7 ಸಾವಿರ ಹೋಯ್ತು. ಕಾಂಕ್ರೀಟ್ ತಲೆ ಎಲ್ಲೂ ಕಾಣಬಾರದು, ಮರಳೊಳಗೇ ಮುಚ್ಚಿರ್ಬೇಕು, ಇದ್ರಲ್ಲಿ ಕಂಜೂಸಿ ಮಾಡ್ಬೇಡಿ. ಹಿಂದೆ ಮುಂದೆ ಅಡ್ಡ ಪೈಪಿನ ಎತ್ತರದ ಎರಡರಷ್ಟು ಜಾಗ ಖಾಲಿ ಬಿಡಿ, ನಮ್ದು 8 ಅಡಿ, ಅದಕ್ಕೆ ಎರಡೂ ಕಡೆ 16. 40 ಅಡಿ ಉದ್ದದ ಸೈಟು ಇದ್ದಿದ್ದಕ್ಕೆ ಆಯ್ತು.

ಮಕ್ಕಳನ್ನ ಕೂರ್ಸೋಕೆ ಮುಂಚೆ 50 ಕೆಜಿ ಅಕ್ಕಿ ಚೀಲ ಎರಡು ಕಟ್ಟಿ ಸಂಜೆವರೆಗೂ ತೂಗಿದ್ವಿ, ಆಮೇಲೆ ಯಜಮಾನ್ರು, ಆಮೇಲೆ ಮಕ್ಕಳು. ಒಟ್ಟು ಖರ್ಚು ಮರಳೂ ಸೇರಿ 25 ಸಾವಿರದ ಒಳಗೆ, ಇದೇ ಸೈಜಿಗೆ ಫ್ಯಾಬ್ರಿಕೇಶನ್‌ನೋರು 45 ಕೇಳಿದ್ರು, ಅದೂ ಫೌಂಡೇಶನ್ ನೀವೇ ಹಾಕಿಸ್ಕೊಳ್ಳಿ ಅಂತ.

ತಗಡಿನ ಜಾರುಬಂಡಿನೂ ಒಂದು ಮಾಡಿದೀವಿ, ಮಾರ್ಚಲ್ಲಿ ತೊಡೆ ಸುಡೋದು, ಬೇವಿನ ಮರದ ಕೆಳಗೆ ಉತ್ತರಕ್ಕೆ ಮುಖ ಮಾಡಿ ಇಟ್ಟ ಮೇಲೆ ಪರವಾಗಿಲ್ಲ. ಈಗ ನಮ್ ಮೈದುನ ಚಿತ್ರದುರ್ಗದಲ್ಲಿ ತನ್ನ ಮನೇಗೂ ಮಾಡ್ಕೊಡ್ರಿ ಅತ್ತಿಗೆ ಅಂತಿದಾನೆ. ಅವನ ಸೈಟು ಮಸಾರಿ, ಅಂದ್ರೆ ಎರೆ ಥರ ಉಬ್ಬದ ಕೆಂಪು ಮಣ್ಣು, ಕೆಳಗೆ ಗಟ್ಟಿ ಗರಸು, ಎರಡಡಿ ಗುಂಡಿ ಸಾಕು, ಪಿವಿಸಿ ಪೈಪಿನ ಖರ್ಚೂ ಇಲ್ಲ. ಲೆವೆಲ್ ಪೈಪ್ ತಗೊಂಡು ನಾವೇ ಬರ್ತೀವಿ ಅಂತ ಮಕ್ಕಳು ಆಗ್ಲೇ ಚಿಕ್ಕಪ್ಪಂಗೆ ಫೋನಲ್ಲಿ ಹೇಳಿದಾರೆ.