ಬ್ರುಸ್ಕೆಟ್ಟಾ: ಗರಿಗರಿ ಬ್ರೆಡ್ಡಿನ ಮೇಲೆ ಟೊಮೆಟೊ ಮತ್ತು ಚೀಸ್

ಊಟಕ್ಕೆ ಕೂರುವ ಮೊದಲು ಹಸಿವನ್ನು ಎಬ್ಬಿಸಲೆಂದು ಇಟಲಿಯಲ್ಲಿ ಬಡಿಸುವ ತಿನಿಸುಗಳ ಪೈಕಿ ಮನೆಯಲ್ಲಿ ಮಾಡಲು ಅತ್ಯಂತ ಸುಲಭವಾದುದು ಬ್ರುಸ್ಕೆಟ್ಟಾ. ರೋಮ್ ನಗರವಿರುವ ಲಾಟ್ಸಿಯೊ, ಅದರ ಉತ್ತರಕ್ಕಿರುವ ಉಂಬ್ರಿಯಾ ಮತ್ತು ಟಸ್ಕನಿ ಪ್ರಾಂತ್ಯಗಳಲ್ಲಿ ಕೆಂಡದ ಮೇಲೆ ಸುಟ್ಟ ದಪ್ಪ ಬ್ರೆಡ್ ಹೋಳಿಗೆ ಬೆಳ್ಳುಳ್ಳಿ ಉಜ್ಜಿ, ಆಲಿವ್ ಎಣ್ಣೆ ಸುರಿದು, ಉಪ್ಪು ಉದುರಿಸಿ ತಿನ್ನುವುದು ಹಳೆಯ ರೂಢಿ. ಟಸ್ಕನಿಯವರು ಇದನ್ನು ಫೆಟ್ಟುಂಟಾ ಎಂದು ಕರೆಯುತ್ತಾರೆ. ಆಲಿವ್ ಕೊಯ್ಲಾಗಿ ಗಾಣದಿಂದ ಹೊಸ ಎಣ್ಣೆ ಬರುವ ನವೆಂಬರ್ ಸುಮಾರಿಗೆ ಆ ಎಣ್ಣೆಯ ರುಚಿ ನೋಡಲೆಂದೇ ಇದನ್ನು ಮಾಡುತ್ತಾರೆ. ಅಮೆರಿಕ ಖಂಡದ ಬೆಳೆಯಾದ ಟೊಮೆಟೊ ಯುರೋಪನ್ನು ತಲುಪಿದ್ದು 16ನೇ ಶತಮಾನದಲ್ಲಿ, ಅದು ಇಟಲಿಯ ಅಡುಗೆಮನೆಗೆ ಒಗ್ಗಿದ್ದು ಇನ್ನೂ ತಡವಾಗಿ. ಆದ್ದರಿಂದ ಟೊಮೆಟೊ ಮತ್ತು ಚೀಸ್ ಎಷ್ಟೇ ಸೊಗಸಾಗಿದ್ದರೂ ಇದು ಮೊದಲಿಗೆ ಬ್ರೆಡ್ಡಿನ ತಿನಿಸು ಎಂಬುದನ್ನು ಮರೆಯಬಾರದು. ಬ್ರೆಡ್ ಗರಿಗರಿಯಾಗಿ ಉಳಿಯಬೇಕು, ಅದಕ್ಕಾಗಿ ನೀರಿನಂಶವನ್ನು ಹತೋಟಿಯಲ್ಲಿಡಬೇಕು. ಮುಂದಿನ ಎಲ್ಲ ಹಂತಗಳೂ ಇದಕ್ಕಾಗಿಯೇ ಇವೆ.

ನಾಲ್ಕು ಜನರಿಗೆ ಒಂದೂವರೆ ಸೆಂಟಿಮೀಟರ್ ದಪ್ಪದ 8 ಬ್ರೆಡ್ ಹೋಳು, ಸುಮಾರು 400 ಗ್ರಾಂ ಮಾಗಿದ ಟೊಮೆಟೊ, 125 ಗ್ರಾಂ ತಾಜಾ ಮೊಜ್ಜರೆಲ್ಲಾ, ಎರಡು ದೊಡ್ಡ ಬೆಳ್ಳುಳ್ಳಿ ಎಸಳು, ಮೂರರಿಂದ ನಾಲ್ಕು ದೊಡ್ಡ ಚಮಚ ಆಲಿವ್ ಎಣ್ಣೆ, ಹತ್ತು ಬೇಸಿಲ್ ಎಲೆ, ಉಪ್ಪು ಮತ್ತು ಕಾಳುಮೆಣಸು ಸಾಕು. ಎಣ್ಣೆಯನ್ನು ಇಲ್ಲಿ ಕಾಯಿಸದೆ ಹಸಿಯಾಗಿಯೇ ಬಳಸುವುದರಿಂದ ಎಕ್ಸ್‌ಟ್ರಾ ವರ್ಜಿನ್ ಎಂದು ನಮೂದಿಸಿರುವುದನ್ನೇ ಕೊಳ್ಳಬೇಕು. ಪೊಮೇಸ್ ಎಂಬ ಹೆಸರಿನಲ್ಲಿ ಸಿಗುವ ಅಗ್ಗದ ಆಲಿವ್ ಎಣ್ಣೆಯನ್ನು ಹಿಂಡಿಯಿಂದ ತೆಗೆದು ಸಂಸ್ಕರಿಸಿರುತ್ತಾರಾದ್ದರಿಂದ ಅದು ಕರಿಯಲು ಒದಗೀತೇ ಹೊರತು ಅದರಲ್ಲಿ ಹಣ್ಣಿನ ಪರಿಮಳವಿರುವುದಿಲ್ಲ.

ಮೊದಲು ಟೊಮೆಟೊ ಕೆಲಸ ಹಿಡಿಯಬೇಕು, ಏಕೆಂದರೆ ಅದಕ್ಕೆ ಸಮಯ ಬೇಕು. ಇಟಲಿಯಲ್ಲಿ ಬೇಸಿಗೆಯ ಬಿಸಿಲಿನಲ್ಲಿ ಗಿಡದಲ್ಲೇ ಹಣ್ಣಾದ ಟೊಮೆಟೊವನ್ನು ಇದಕ್ಕೆ ಆರಿಸುತ್ತಾರೆ. ನಮ್ಮ ಮಾರುಕಟ್ಟೆಗೆ ಬರುವ ಟೊಮೆಟೊಗಳಲ್ಲಿ ಬಹಳಷ್ಟನ್ನು ದೂರದ ಸಾಗಣೆಗೆಂದು ಅರೆಗಾಯಿ ಇರುವಾಗಲೇ ಕೊಯ್ದಿರುತ್ತಾರೆ. ಅವನ್ನು ಎರಡು ಮೂರು ದಿನ ಫ್ರಿಜ್ಜಿನ ಹೊರಗಿಟ್ಟು, ಕಡುಗೆಂಪಾಗಿ, ಒತ್ತಿದರೆ ತುಸು ಮೆತ್ತಗಾದ ಮೇಲೆ ಬಳಸಬೇಕು. ಫ್ರಿಜ್ಜಿನ ಚಳಿಯಲ್ಲಿ ಟೊಮೆಟೊದ ಪರಿಮಳ ಕುಂದುತ್ತದೆ. ಸಾರು ಮಾಡಲು ನಾಟಿ ಟೊಮೆಟೊ ಎಷ್ಟೇ ಒಳ್ಳೆಯದಾದರೂ ಅದರ ಹುಳಿ ಮತ್ತು ರಸ ಎರಡೂ ಇಲ್ಲಿ ಹೆಚ್ಚಾಗುತ್ತವೆ. ತಿರುಳು ಹೆಚ್ಚಿರುವ ಅಂಡಾಕಾರದ ಟೊಮೆಟೊ ಅಥವಾ ಸಿಹಿಯಾದ ಚೆರ್ರಿ ಟೊಮೆಟೊ ಹೆಚ್ಚು ಹೊಂದುತ್ತದೆ.

ಟೊಮೆಟೊವನ್ನು ಅಡ್ಡಕ್ಕೆ ಎರಡು ಹೋಳು ಮಾಡಿ, ಬೆರಳಿನಿಂದ ಬೀಜದ ಲೋಳೆಯನ್ನು ತೆಗೆದು, ಉಳಿದುದನ್ನು ಒಂದು ಸೆಂಟಿಮೀಟರಿನಷ್ಟು ಸಣ್ಣ ಚೂರುಗಳಾಗಿ ಹೆಚ್ಚಿಕೊಳ್ಳಿ. ಅವನ್ನು ಜರಡಿಗೆ ಹಾಕಿ, ಅರ್ಧ ಸಣ್ಣ ಚಮಚ ಉಪ್ಪು ಬೆರೆಸಿ, ಕೆಳಗೊಂದು ಬಟ್ಟಲಿಟ್ಟು, 15ರಿಂದ 20 ನಿಮಿಷ ಹಾಗೆಯೇ ಬಿಡಿ. ಉಪ್ಪು ಚೂರುಗಳೊಳಗಿನ ನೀರನ್ನು ಹೊರಗೆಳೆಯುವುದರಿಂದ ಉಳಿದ ತಿರುಳಿನ ರುಚಿ ಗಾಢವಾಗುತ್ತದೆ. ಬಹಳ ಮಂದಿ ಈ ಹಂತವನ್ನು ಬಿಟ್ಟುಬಿಡುತ್ತಾರೆ. ಆ ನೀರು ತಟ್ಟೆಗೆ ಹೋದ ಮೇಲೆ ಹೊರಬಂದು ಬ್ರೆಡ್ಡನ್ನು ನೆನೆಸಿಬಿಡುತ್ತದೆ. ನೀರು ಬಸಿದ ಚೂರುಗಳಿಗೆ ಎರಡು ದೊಡ್ಡ ಚಮಚ ಎಣ್ಣೆ, ಸ್ವಲ್ಪ ಕಾಳುಮೆಣಸಿನ ಪುಡಿ ಬೆರೆಸಿಟ್ಟುಕೊಳ್ಳಿ. ಈಗ ಅನೇಕ ಹೋಟೆಲುಗಳಲ್ಲಿ ಮೇಲೆ ಸುರಿಯುವ ಸಿಹಿ ಬಾಲ್ಸಮಿಕ್ (ದ್ರಾಕ್ಷಿ ವಿನೆಗರ್) ಪಾಕವನ್ನು ನಾನು ಶಿಫಾರಸು ಮಾಡುವುದಿಲ್ಲ, ಏಕೆಂದರೆ ಒಳ್ಳೆಯ ಟೊಮೆಟೊ ಇದ್ದಲ್ಲಿ ಆ ಸಿಹಿ ಅದರ ರುಚಿಯನ್ನು ಮುಚ್ಚಿಹಾಕುತ್ತದೆ.

ಚೀಸ್ ಆರಿಸುವಾಗಲೂ ಎಚ್ಚರ ಬೇಕು. ನೀರಿನಲ್ಲಿ ಮುಳುಗಿಸಿ ಮಾರುವ ಬಿಳಿ ಉಂಡೆಯ ತಾಜಾ ಮೊಜ್ಜರೆಲ್ಲಾ ಹಸಿಯಾಗಿ ತಿನ್ನಲು ಮೃದುವಾಗಿರುತ್ತದೆ. ಪಿಜ್ಜಾಕ್ಕೆಂದು ಗಟ್ಟಿಯಾಗಿ ಬರುವ ಮೊಜ್ಜರೆಲ್ಲಾ ಕರಗಿಸಲು ಮಾತ್ರ ಯೋಗ್ಯ. ತಾಜಾ ಉಂಡೆಯನ್ನು ಕೈಯಿಂದ ಹರಿದು, ಒಣಬಟ್ಟೆಯ ಮೇಲೆ ಹತ್ತು ನಿಮಿಷ ಹರವಿದರೆ ಅದರ ನೀರೂ ಇಂಗುತ್ತದೆ. ಇದರ ಬದಲಿಗೆ ಪನೀರ್ ಹಾಕಬಹುದೇ ಎಂದು ಕೇಳುವವರಿದ್ದಾರೆ. ಹುಳಿ ಹಿಂಡಿ ಒಡೆಸಿದ ಪನೀರ್ ಬಿಸಿ ತಾಗಿದರೂ ಕರಗುವುದಿಲ್ಲ, ಮೊಜ್ಜರೆಲ್ಲಾದ ಹಾಲಿನ ಸಿಹಿಯೂ ಅದಕ್ಕಿಲ್ಲ. ಸಸ್ಯಾಹಾರಿಗಳು ಇನ್ನೊಂದು ಸಂಗತಿಯನ್ನು ಗಮನಿಸಬೇಕು: ಇಟಲಿಯ ಅಸಲಿ ಪಾರ್ಮೆಜಾನ್ ಚೀಸಿಗೆ ಹಾಲನ್ನು ಹೆಪ್ಪುಗಟ್ಟಿಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಆದ್ದರಿಂದ ಯಾವ ಚೀಸ್ ಆದರೂ ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇದೆಯೇ ಎಂದು ನೋಡಿಯೇ ಕೊಳ್ಳಿ.

ಬೇಸಿಲ್ ಸಿಗದಿದ್ದರೆ ಚಿಂತಿಸಬೇಕಾಗಿಲ್ಲ. ಬೀಜವನ್ನು ನೆನೆಸಿ ಪಾನಕಕ್ಕೆ ಹಾಕುವ ನಮ್ಮ ಕಾಮಕಸ್ತೂರಿ ಅದೇ ಜಾತಿಯ ಗಿಡ. ಅದರ ಪರಿಮಳ ತುಸು ಖಾರವಾಗಿರುವುದರಿಂದ ಎಳೆಯ ಎಲೆಗಳನ್ನು ಅರ್ಧದಷ್ಟೇ ಬಳಸಿ.

ಬ್ರೆಡ್ಡಿನ ಸರದಿ ಕೊನೆಗೆ, ಅತಿಥಿಗಳು ಬಂದು ಕುಳಿತ ಮೇಲೆ. ಹೊರಪದರ ಗಟ್ಟಿಯಾಗಿ ಒಳಗೆ ರಂಧ್ರಗಳಿರುವ ಸೋರ್‌ಡೋ ಅಥವಾ ಚಬಾಟಾ ಉತ್ತಮ. ಬೇಕರಿಯ ಮೆತ್ತನೆಯ ಬ್ರೆಡ್ ಮಾತ್ರ ಇದ್ದರೆ, ಹೆಚ್ಚದ ಇಡೀ ಬ್ರೆಡ್ ತಂದು ಒಂದು ದಿನ ಬಿಟ್ಟು ದಪ್ಪವಾಗಿ ಕತ್ತರಿಸಿಕೊಳ್ಳಿ. ಕಬ್ಬಿಣದ ಕಾವಲಿಯನ್ನು ಚೆನ್ನಾಗಿ ಕಾಯಿಸಿ, ಎಣ್ಣೆ ಹಾಕದೆ, ಮಧ್ಯಮ ಉರಿಯಲ್ಲಿ ಒಂದೊಂದು ಬದಿಯನ್ನು ಎರಡು ಮೂರು ನಿಮಿಷ, ಅಂಚು ಅಲ್ಲಲ್ಲಿ ಕಪ್ಪಾಗುವವರೆಗೆ ಸುಡಿ. ಬಿಸಿ ಆರುವ ಮೊದಲೇ ಕತ್ತರಿಸಿದ ಬೆಳ್ಳುಳ್ಳಿಯನ್ನು ಅದರ ಮೇಲೆ ಉಜ್ಜಿ. ಸುಟ್ಟ ಮೇಲ್ಮೈ ತುರಿಮಣೆಯಂತೆ ಎಸಳನ್ನು ಸವೆಸಿ ರಸವನ್ನು ಒಳಗೆಳೆದುಕೊಳ್ಳುತ್ತದೆ. ಬಳಿಕ ಉಳಿದ ಎಣ್ಣೆ, ಅದರ ಮೇಲೆ ಮೊಜ್ಜರೆಲ್ಲಾ, ಆಮೇಲೆ ಟೊಮೆಟೊ, ಕೊನೆಗೆ ಕೈಯಲ್ಲಿ ಹರಿದ ಬೇಸಿಲ್. ಚೀಸ್ ಕೆಳಗಿದ್ದರೆ ಟೊಮೆಟೊ ರಸ ನೇರವಾಗಿ ಬ್ರೆಡ್ಡಿಗೆ ಇಳಿಯುವುದಿಲ್ಲ.

ಕರಗಿದ ಚೀಸ್ ಇಷ್ಟಪಡುವವರು ನೇಪಲ್ಸ್ ಶೈಲಿಯ ಕ್ರೊಸ್ಟಿನಿ ಮಾಡಬಹುದು. ಅಲ್ಲಿ ಆಂಚೊವಿ ಮೀನನ್ನೂ ಇಡುತ್ತಾರೆ. ಅದನ್ನು ಬಿಟ್ಟು, ಒಂದು ಬದಿ ಸುಟ್ಟ ಬ್ರೆಡ್ಡಿನ ಮೇಲೆ ಮೊಜ್ಜರೆಲ್ಲಾ, ಟೊಮೆಟೊ, ಒಣ ಒರೆಗಾನೊ ಹಾಕಿ, 220 ಡಿಗ್ರಿ ಸೆಲ್ಸಿಯಸ್ ಒವನ್‌ನಲ್ಲಿ ಐದಾರು ನಿಮಿಷ ಇಟ್ಟರೆ ಸಾಕು.

ಜೋಡಿಸಿದ ಐದು ನಿಮಿಷದೊಳಗೆ ತಿನ್ನಬೇಕಾದ ತಿನಿಸಿದು. ಮಾಡಿಟ್ಟು ಕಾಯುವ ಬದಲು, ಟೊಮೆಟೊ ಮತ್ತು ಚೀಸ್ ಸಿದ್ಧವಿಟ್ಟುಕೊಂಡು ನಾಲ್ಕು ನಾಲ್ಕು ಹೋಳುಗಳನ್ನಷ್ಟೇ ಸುಟ್ಟು ಬಡಿಸಿ. ಬಟ್ಟಲಿನಲ್ಲಿ ಉಳಿದ ಟೊಮೆಟೊ ನೀರಿನಲ್ಲಿ ಉಪ್ಪಿರುವುದರಿಂದ, ರಾತ್ರಿಯ ಸಾರಿಗೆ ಅದನ್ನು ಸೇರಿಸುವಾಗ ಉಪ್ಪು ಹಾಕುವ ಮೊದಲು ರುಚಿ ನೋಡಿಕೊಳ್ಳಿ.